ಏರುತ್ತಿರುವ ತಾಪಮಾನ ಎಲ್ಲ ಎತ್ತರಗಳಲ್ಲೂ ಒಂದೇ ಸಮನೇ?

ಪ್ರಶ್ನೆ – ಕೋಥರೂಡ್, ಪುಣೆ
ಭಾನುವಾರ ನಸುಕಿನಲ್ಲಿ ಸಿಂಹಗಡ ಹತ್ತುವ ನಮ್ಮ ಕನ್ನಡ ಬಳಗದಲ್ಲಿ ಮೊನ್ನೆ ಒಂದು ಚರ್ಚೆ ಎದ್ದಿತು. ಬುಡದಲ್ಲಿ ಬೆವರಿದವರು ಕೋಟೆಯ ಮೇಲೆ ಶಾಲು ಹೊದೆಯುತ್ತಾರೆ; ಕಿಲೋಮೀಟರಿಗೆ ಸುಮಾರು 6.5 ಡಿಗ್ರಿ ಇಳಿಯುತ್ತದೆಂಬುದು ಗೊತ್ತಿದೆ. ಆದರೆ ಭೂಮಿ ಬಿಸಿಯಾಗುತ್ತಿದೆ ಎನ್ನುವಾಗ ಆ ಏರಿಕೆ ಎಲ್ಲ ಎತ್ತರಗಳಲ್ಲೂ ಅಕ್ಷಾಂಶಗಳಲ್ಲೂ ಸಮಾನವಾಗಿದೆಯೇ?

ಉತ್ತರ – ಡೊಂಬಿವಲಿ
ಇಲ್ಲ. ನೀವು ಹೇಳಿದ 6.5 ಡಿಗ್ರಿ ಒಂದು ಹೊತ್ತಿನ ಉಷ್ಣಾಂಶದ ಲೆಕ್ಕ, ದಶಕಗಳ ಏರಿಳಿತದ ಲೆಕ್ಕವೇ ಬೇರೆ. ಉಷ್ಣವಲಯದಲ್ಲಿ ನೆಲಕ್ಕಿಂತ ಹತ್ತು ಹನ್ನೆರಡು ಕಿಲೋಮೀಟರ್ ಮೇಲೆ ಏರಿಕೆ ಹೆಚ್ಚಿರಬೇಕೆನ್ನುತ್ತದೆ ಭೌತಶಾಸ್ತ್ರ. ಜೂನ್‌ನಲ್ಲಿ ಮುಂಬೈ ಕಡಲಿನ ಮೇಲೆ ಗೋಪುರದಂತೆ ಏಳುವ ಮೋಡವನ್ನು ನೋಡಿ: ಆವಿ ಹನಿಗಟ್ಟುವಾಗ ತನ್ನೊಳಗಿನ ಶಾಖವನ್ನು ಮೇಲೆಯೇ ಬಿಟ್ಟುಕೊಡುತ್ತದೆ, ಕಡಲು ಬಿಸಿಯಾದಷ್ಟೂ ಆವಿ ಹೆಚ್ಚಿ ಆ ಶಾಖವೂ ಹೆಚ್ಚುತ್ತದೆ. ಆರ್ಕ್ಟಿಕ್‌ನಲ್ಲಿ ಇದು ತಿರುವುಮುರುವು. ಅಲ್ಲಿ ತಣ್ಣನೆಯ ಭಾರವಾದ ಗಾಳಿ ನೆಲಕ್ಕೆ ಅಂಟಿಕೊಂಡಿರುವುದರಿಂದ ಶಾಖ ಮೇಲೇರದೆ ಕೆಳಗೇ ಉಳಿಯುತ್ತದೆ, ಹಿಮ ಕರಗಿದಲ್ಲಿ ಕಪ್ಪು ನೀರು ಬಿಸಿಲು ಹೀರುತ್ತದೆ. 1979ರಿಂದೀಚೆಗೆ ಆ ಪ್ರದೇಶ ಜಗತ್ತಿನ ಸರಾಸರಿಗಿಂತ ಸುಮಾರು ನಾಲ್ಕು ಪಟ್ಟು ವೇಗವಾಗಿ ಬಿಸಿಯಾಗಿದೆ.

ಉತ್ತರ – ಪಾಷಾಣ್, ಪುಣೆ
ನನ್ನ ಮಟ್ಟಿಗೆ ಇನ್ನೂ ಮುಖ್ಯವಾದದ್ದು ಮೋಡಗಳಿರುವ ಕೆಳಪದರಕ್ಕಿಂತ ಮೇಲಿನ ಪದರ. ಉಷ್ಣವಲಯದಲ್ಲಿ 16–17 ಕಿಲೋಮೀಟರ್‌ನಿಂದ, ಧ್ರುವಗಳಲ್ಲಿ ಎಂಟೊಂಬತ್ತರಿಂದಲೇ ಶುರುವಾಗುವ ಸ್ಟ್ರಾಟೋಸ್ಫಿಯರ್ ಈ ದಶಕಗಳಲ್ಲಿ ತಣ್ಣಗಾಗಿದೆ. ಓಝೋನ್ ಕ್ಷೀಣಿಸಿದ್ದು ಒಂದು ಕಾರಣವಾದರೆ, ಅಲ್ಲಿ ಹೆಚ್ಚಿದ ಇಂಗಾಲದ ಡೈಆಕ್ಸೈಡ್ ಬಾಹ್ಯಾಕಾಶಕ್ಕೆ ಹೆಚ್ಚು ಶಾಖ ಹೊರಸೂಸುವುದು ಇನ್ನೊಂದು. ಹವಾಮಾನ ವಿಜ್ಞಾನಿಗಳಾದ ಮನಾಬೆ ಮತ್ತು ವೆದರಾಲ್ಡ್ 1967ರಲ್ಲಿಯೇ ಲೆಕ್ಕ ಹಾಕಿ ಇದನ್ನು ತೋರಿಸಿದ್ದರು. ಸೂರ್ಯನೇ ಕಾರಣವಾಗಿದ್ದರೆ ಮೇಲಿನ ಪದರವೂ ಬಿಸಿಯಾಗಬೇಕಿತ್ತು. ಆ ವಾದ ಮಾಡುವವರಿಗೆ ನಾನು ಮೊದಲು ತೋರಿಸುವುದು ಇದನ್ನೇ.

ಪ್ರಶ್ನೆ ಕೇಳಿದವರು
ಅಷ್ಟು ಎತ್ತರದ ಅಳತೆಯನ್ನು ಎಷ್ಟು ನಂಬಬಹುದು?

ಉತ್ತರ – ಡೊಂಬಿವಲಿ
ತಿದ್ದಿದ ಮೇಲೆ ನಂಬಬಹುದು. ಬೆಳಗಿನ ಐದೂವರೆಯ ಅಳತೆಗಾಗಿ ಜಗತ್ತಿನ ನೂರಾರು ಕೇಂದ್ರಗಳಂತೆ ನಮ್ಮ ಮುಂಬೈಯ ಸಾಂತಾಕ್ರೂಜ್‌ನಿಂದಲೂ ಉಷ್ಣಾಂಶ ಅಳೆಯುವ ಉಪಕರಣ ಹೊತ್ತ ಬಲೂನು ಮೇಲೇರುತ್ತದೆ. ಹಳೆಯ ಉಪಕರಣಗಳ ಸಂವೇದಕಕ್ಕೆ ಹಗಲು ಬಿಸಿಲು ತಾಗಿ ಅಂಕಿ ಹೆಚ್ಚು ಬರುತ್ತಿತ್ತು. ಹೊಸವು ಬಂದಾಗ ಆ ದೋಷ ಕಡಿಮೆಯಾಗಿ, ಗಾಳಿಯೇ ತಣ್ಣಗಾದಂತೆ ದಾಖಲೆಯಲ್ಲಿ ಕಂಡಿತು. 1978ರ ಕೊನೆಯಿಂದ ಅಳೆಯುತ್ತಿರುವ ಉಪಗ್ರಹಗಳ ಕಕ್ಷೆ ಮೆಲ್ಲಗೆ ಕುಸಿದದ್ದನ್ನೂ 1998ರಲ್ಲಿ ಗುರುತಿಸಿ ಸರಿಪಡಿಸಲಾಯಿತು. ಕೆಳಗೆ ಬಿಸಿ, ಮೇಲೆ ತಂಪು ಎಂಬ ಚಿತ್ರ ಬಲೂನು, ಉಪಗ್ರಹ ಎರಡರ ಅಳತೆಯಲ್ಲೂ ಒಂದೇ ಆಗಿದೆ. ಉಷ್ಣವಲಯದ ಆ ಹನ್ನೆರಡು ಕಿಲೋಮೀಟರ್ ಎತ್ತರದಲ್ಲಿ ಏರಿಕೆ ನಿಖರವಾಗಿ ಎಷ್ಟು ಎಂಬುದರ ಬಗ್ಗೆ ಮಾತ್ರ ತಜ್ಞರ ನಡುವೆ ಚರ್ಚೆ ನಡೆದೇ ಇದೆ.