ಕಾಣದ, ಮೂಗಿಗೂ ತಿಳಿಯದ ಗಾಳಿಗೆ ‘ಹೊಗೆ’ ಎನ್ನಬಹುದೇ?

ಆತ್ಮೀಯರೆ,

ಉಡುಪಿ, ಮಂಗಳೂರು ಕಡೆಯಿಂದ ಮಕ್ಕಳ ಮನೆಗೆಂದು ಕೆನಡಾಕ್ಕೋ ಅಮೆರಿಕದ ಉತ್ತರದ ರಾಜ್ಯಗಳಿಗೋ ಹೋಗಿ, ಚಳಿಗಾಲವನ್ನು ಅಲ್ಲಿಯೇ ಕಳೆಯುವ ಹಿರಿಯರು ಈಗ ಬಹಳ ಮಂದಿ ಇದ್ದಾರೆ. ಮಕ್ಕಳು ಕೆಲಸಕ್ಕೆ ಹೊರಟ ಮೇಲೆ ಹಗಲು ಹೊತ್ತಿನಲ್ಲಿ ಮನೆ ನೋಡಿಕೊಳ್ಳುವವರು ಇವರೇ. ಉಡುಪಿಯಲ್ಲಿರುವ ನನ್ನ ಅಕ್ಕ ಮತ್ತು ಭಾವ ಈ ಸಲ ಕೆನಡಾದ ವಿನಿಪೆಗ್‌ನಲ್ಲಿರುವ ಮಗಳ ಮನೆಗೆ ಹೊರಟಿದ್ದಾರೆ. ಜನವರಿಯ ರಾತ್ರಿಗಳಲ್ಲಿ ಉಷ್ಣತೆ ಸೊನ್ನೆಗಿಂತ 30 ಡಿಗ್ರಿ ಕೆಳಗೆ ಇಳಿಯುವುದು ಆ ಊರಿನಲ್ಲಿ ಹೊಸದಲ್ಲ. ಮನೆಯನ್ನು ಬೆಚ್ಚಗಿಡುವ ವ್ಯವಸ್ಥೆಯನ್ನು ಚಳಿಗಾಲಕ್ಕೆ ಮೊದಲೇ ಹೇಗೆ ಸಜ್ಜುಗೊಳಿಸಬೇಕು, ಯಾವುದನ್ನು ಮುಟ್ಟಬಾರದು, ಯಾವ ಲಕ್ಷಣ ಕಂಡರೆ ಹೊರಗೆ ಓಡಬೇಕು ಎಂಬುದನ್ನು ಅವರಿಗಾಗಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅದರಲ್ಲಿ ಬರುವ ಕೆಲವು ಪದಗಳ ಬಗ್ಗೆ ಬಲ್ಲವರ ಅಭಿಪ್ರಾಯ ಬೇಕಾಗಿದೆ.

ಮೊದಲನೆಯದು ‘ಫರ್ನೇಸ್’. ಅಲ್ಲಿನ ಬಹುತೇಕ ಮನೆಗಳ ನೆಲಮಾಳಿಗೆಯಲ್ಲಿ ಬೀರುವಿನಂಥ ಒಂದು ಪೆಟ್ಟಿಗೆಯಿದ್ದು, ಅದರೊಳಗೆ ಗ್ಯಾಸ್ ಉರಿದು, ಆ ಕಾವಿನಿಂದ ಬಿಸಿಯಾದ ಗಾಳಿಯನ್ನು ಫ್ಯಾನ್ ತಗಡಿನ ಕೊಳವೆಗಳ ಮೂಲಕ ಕೋಣೆ ಕೋಣೆಗೆ ತಳ್ಳುತ್ತದೆ. ನಿಘಂಟುಗಳು ಇದಕ್ಕೆ ಕೊಡುವ ‘ಕುಲುಮೆ’ ನಮ್ಮಲ್ಲಿ ಕಮ್ಮಾರನದು, ‘ಆವಿಗೆ’ ಕುಂಬಾರನದು, ‘ಅಗ್ಗಿಷ್ಟಿಕೆ’ ಎಂದರೆ ಎದುರಿಗೆ ಕುಳಿತು ಮೈ ಕಾಯಿಸಿಕೊಳ್ಳುವ ಬೆಂಕಿ. ಈ ಮೂರೂ ಕಣ್ಣೆದುರಿಗೇ ಉರಿಯುವಂಥವು, ಫರ್ನೇಸಿನ ಬೆಂಕಿಯಾದರೋ ಮನೆಯವರಿಗೆ ಕಾಣುವುದೇ ಇಲ್ಲ. ಆದ್ದರಿಂದ ‘ಫರ್ನೇಸ್’ ಎಂದೇ ಉಳಿಸಿಕೊಂಡು, ಮೊದಲ ಸಲ ಬರುವಲ್ಲಿ ‘ಬಿಸಿಗಾಳಿ ಯಂತ್ರ’ ಎಂದು ವಿವರಿಸಿದ್ದೇನೆ. ಮಗಳು ಫೋನಿನಲ್ಲಿ ಹೇಳುವ ಪದವೂ ಬರಹದಲ್ಲಿರುವ ಪದವೂ ಒಂದೇ ಆಗಿರಬೇಕು ಎಂಬುದು ನನಗೆ ಭಾಷಾಶುದ್ಧಿಗಿಂತ ಮುಖ್ಯವಾಗಿ ಕಂಡಿದೆ.

ಹೆಚ್ಚು ತೊಡಕಾಗಿರುವುದು ‘ವೆಂಟ್’. ಇಂಗ್ಲಿಷಿನವರು ಕೋಣೆಯ ನೆಲದಲ್ಲಿ ಬಿಸಿಗಾಳಿ ಬರುವ ಜಾಲರಿಗೂ, ಉರಿದ ಮೇಲೆ ಉಳಿದ ಗಾಳಿಯನ್ನು ಗೋಡೆಯಾಚೆ ಬಿಡುವ ಕೊಳವೆಗೂ ಇದೊಂದೇ ಪದ ಬಳಸುತ್ತಾರೆ. ಮೊದಲನೆಯದರ ಮೇಲೆ ಸೋಫಾವನ್ನೋ ಚಾಪೆಯನ್ನೋ ಇಟ್ಟರೆ ಕೋಣೆ ಬೆಚ್ಚಗಾಗುವುದಿಲ್ಲ, ಅಷ್ಟೆ. ಎರಡನೆಯದರ ಬಾಯಿಗೆ ಹಿಮ ಕಟ್ಟಿದರೆ ಯಂತ್ರ ನಿಂತುಹೋಗಬಹುದು, ಇಲ್ಲವೇ ಹೊರಹೋಗಬೇಕಾದ ವಿಷದ ಗಾಳಿ ಮನೆಯೊಳಗೇ ಉಳಿದು ಪ್ರಾಣಕ್ಕೆ ಸಂಚಕಾರ ಬರಬಹುದು. ಎರಡಕ್ಕೂ ‘ಗಾಳಿಕಿಂಡಿ’ ಎಂದು ಬರೆದುಬಿಟ್ಟರೆ ಓದುವವರು ಎರಡನ್ನೂ ಸಮಾನವಾಗಿ ಹಗುರವಾಗಿ ಎಣಿಸುತ್ತಾರೆ. ಕೋಣೆಯದಕ್ಕೆ ‘ಬಿಸಿಗಾಳಿ ಕಿಂಡಿ’ ಎಂದಿಟ್ಟುಕೊಂಡಿದ್ದೇನೆ. ಹೊರಗಿನದಕ್ಕೆ ‘ಹೊಗೆಕೊಳವೆ’ ಎಂದು ಬರೆದು, ಮತ್ತೆ ಹೊಡೆದುಹಾಕಿದ್ದೇನೆ.

ಕಾರಣ ಹೀಗಿದೆ. ಹೊಗೆ ಎಂದರೆ ನಮಗೆ ಕಾಣುವಂಥದ್ದು, ಕಣ್ಣು ಉರಿಸುವಂಥದ್ದು. ಬಚ್ಚಲೊಲೆಗೆ ಹಸಿ ಸೌದೆ, ತೆಂಗಿನ ಸಿಪ್ಪೆ ಒಟ್ಟಿ ಹಂಡೆಯ ನೀರು ಕಾಯಿಸಿದವರಿಗೆ ಹೊಗೆ ತುಂಬಿದಾಗ ಹೊರಗೆ ಬರಬೇಕೆಂದು ಯಾರೂ ಕಲಿಸಬೇಕಾಗಿಲ್ಲ. ಫರ್ನೇಸ್ ಕೆಟ್ಟಾಗ ಹುಟ್ಟುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಅದು ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ತಲೆನೋವು, ವಾಕರಿಕೆ, ತಲೆಸುತ್ತಿನಿಂದ ಮೊದಲಾಗಿ ನಿದ್ದೆಯಲ್ಲೇ ಪ್ರಾಣ ಹೋಗುವವರೆಗೆ ಮುಟ್ಟಿಸುತ್ತದೆ. ಅದನ್ನು ಪತ್ತೆಹಚ್ಚಲು ಮನೆಯಲ್ಲಿಟ್ಟ ಅಲಾರಂ ಕೂಗಿದಾಗ ‘ಹೊಗೆ ಬಂದರೆ ಹೊರಗೆ ಹೋಗಿ’ ಎಂಬ ವಾಕ್ಯವನ್ನು ಓದಿಕೊಂಡಿದ್ದವರು ಸುತ್ತಲೂ ನೋಡಿ, ಹೊಗೆಯೇ ಇಲ್ಲವಲ್ಲ ಎಂದು ಸುಮ್ಮನೆ ಕುಳಿತರೆ ತಪ್ಪು ಅವರದಲ್ಲ, ಬರೆದವನದು. ‘ಗ್ಯಾಸ್’ ಎಂದರೂ ಇದೇ ಕಷ್ಟ. ನಮ್ಮ ಅಡುಗೆಮನೆಯ ಸಿಲಿಂಡರಿನ ಗ್ಯಾಸಿಗೆ, ಸೋರಿದರೆ ತಿಳಿಯಲೆಂದೇ ಮರ್ಕ್ಯಾಪ್ಟನ್ ಎಂಬ ದುರ್ವಾಸನೆಯ ರಾಸಾಯನಿಕ ಬೆರೆಸಿರುತ್ತಾರೆ. ಗ್ಯಾಸ್ ಸೋರಿದರೆ ಮೂಗಿಗೆ ತಿಳಿಯುತ್ತದೆ ಎಂಬುದು ಅಕ್ಕನಂಥವರಿಗೆ ಗಟ್ಟಿಯಾದ ನಂಬಿಕೆ. ಪತ್ರಿಕೆಗಳ ‘ವಿಷಾನಿಲ’ ಅರ್ಥದಲ್ಲಿ ಸರಿಯಾದರೂ ಕಾರ್ಖಾನೆಯ ದುರಂತವನ್ನು ನೆನಪಿಸುತ್ತದೆಯೇ ಹೊರತು, ಸ್ವಂತ ಮನೆಯ ಕೊಳವೆಯನ್ನಲ್ಲ. ಸದ್ಯಕ್ಕೆ ‘ಸುಟ್ಟಗಾಳಿ’ ಮತ್ತು ‘ಸುಟ್ಟಗಾಳಿ ಕೊಳವೆ’ ಎಂದು ಬರೆದಿದ್ದೇನೆ. ಇದು ಕಿವಿಗೆ ಒಗ್ಗುತ್ತದೆಯೇ?

ಇದಕ್ಕೆ ತೀರಾ ವಿರುದ್ಧವಾದ ತೊಂದರೆ ಹೀಟ್ ಪಂಪಿನದು. ಬೇಸಗೆಯಲ್ಲಿ ಎಸಿಯಂತೆ ತಂಪು ಕೊಡುವ ಯಂತ್ರವೇ ಚಳಿಗಾಲದಲ್ಲಿ ತಿರುಗುಮುರುಗಾಗಿ ನಡೆದು, ಹೊರಗಿನ ಗಾಳಿಯಿಂದ ಕಾವನ್ನು ಹೀರಿ ಒಳಗೆ ತರುತ್ತದೆ. ಆಗ ಹೊರಗಿನ ಪೆಟ್ಟಿಗೆಯ ಮೇಲೆ ಐಸ್ ಕಟ್ಟುವುದರಿಂದ, ಅದನ್ನು ಕರಗಿಸಲು ಯಂತ್ರ ಆಗಾಗ ಕೆಲವು ನಿಮಿಷ ತನ್ನ ಓಟವನ್ನು ತಾನೇ ಬದಲಿಸಿಕೊಳ್ಳುತ್ತದೆ. ಪೆಟ್ಟಿಗೆಯಿಂದ ಬಿಳಿಯ ಆವಿ ಬುಸುಬುಸು ಏಳುತ್ತದೆ. ನೋಡಿದವರು ಅದನ್ನೇ ಹೊಗೆ ಎಂದು ಹೆದರಿ ಮೇನ್ ಸ್ವಿಚ್ ಆರಿಸಬಾರದೆಂದು ‘ಹೊಗೆಯಲ್ಲ, ಆವಿ’ ಎಂದು ಬಿಡಿಸಿ ಬರೆದಿದ್ದೇನೆ. ಬರಿಯ ಎಸಿಯ ಪೆಟ್ಟಿಗೆಯಾದರೆ ಚಳಿಗಾಲದಲ್ಲಿ ಅದರ ತಲೆಗೆ ಹೊದಿಕೆ ಹಾಕುವವರಿದ್ದಾರೆ, ಹೀಟ್ ಪಂಪಿಗೆ ಹಾಗೆ ಹೊದಿಸಲೇಬಾರದು. ಸುತ್ತಲಿನ ಹಿಮವನ್ನೂ ತೆಗೆದು ಗಾಳಿಯಾಡಲು ಜಾಗ ಬಿಡಬೇಕು. ಎರಡೂ ಪೆಟ್ಟಿಗೆಗಳು ನೋಡಲು ಒಂದೇ ಥರ ಇರುವುದರಿಂದ ಎರಡನ್ನೂ ‘ಎಸಿ’ ಎಂದು ಕರೆಯುವ ನಮ್ಮ ರೂಢಿಯನ್ನು ಇಲ್ಲಿ ಬಿಟ್ಟಿದ್ದೇನೆ.

ಫಿಲ್ಟರಿಗೆ ‘ಫಿಲ್ಟರ್’ ಸಾಕು. ಕ್ರಿಯಾಪದದಲ್ಲಿ ಮಾತ್ರ ಎಚ್ಚರ ಬೇಕು. ಇಲ್ಲಿನ ಎಸಿಯ ಬಲೆಯನ್ನು ನಾವು ನಲ್ಲಿಯಡಿ ತೊಳೆದು ಮತ್ತೆ ಹಾಕುತ್ತೇವೆ. ಫರ್ನೇಸಿನದು ಸಾಮಾನ್ಯವಾಗಿ ಬಳಸಿ ಎಸೆಯುವಂಥದ್ದು, ಒಂದರಿಂದ ಮೂರು ತಿಂಗಳಿಗೊಮ್ಮೆ ‘ಬದಲಿಸಬೇಕು’, ‘ತೊಳೆಯಬಾರದು’.

‘ಚಳಿಗಾಲಕ್ಕೆ ಸಜ್ಜುಗೊಳಿಸುವುದು’ ಎಂಬ ಮಾತನ್ನು ವಿವರಿಸಲು ನನಗೆ ಹೆಚ್ಚು ಹುಡುಕಬೇಕಾಗಲಿಲ್ಲ. ಮಳೆ ಹಿಡಿಯುವ ಮೊದಲು ಮಾಡಿನ ಹಂಚು ಕೈಯಾಡಿಸಿ, ಎರಚಲು ಬಾರದಂತೆ ಜಗಲಿಗೆ ಮಡಲಿನ ತಟ್ಟಿ ಕಟ್ಟುವ ಹಾಗೆ, ಅಲ್ಲಿನವರು ಸೆಪ್ಟೆಂಬರ್, ಅಕ್ಟೋಬರಿನಲ್ಲೇ ಯಂತ್ರದ ಸರ್ವಿಸ್ ಮಾಡಿಸಿ, ಅಲಾರಮಿನ ಬ್ಯಾಟರಿ ನೋಡಿ, ಅಂಗಳದ ನಲ್ಲಿಯ ನೀರು ಬಸಿದು, ಬಾಗಿಲು ಕಿಟಕಿಗಳ ಸಂದು ಮುಚ್ಚುತ್ತಾರೆ ಎಂದು ಬರೆದಿದ್ದೇನೆ.

ಹಿರಿಯರಲ್ಲಿ ನನ್ನ ವಿಶೇಷ ವಿನಂತಿ ಒಂದಿದೆ. ಬಾಣಂತಿಯ ಕೋಣೆಯಲ್ಲಿ ಕೆಂಡವಿಡುವ ಪದ್ಧತಿ ನಮ್ಮ ಜಿಲ್ಲೆಗಳಲ್ಲಿತ್ತು. ಬಾಗಿಲು ಮುಚ್ಚಿದ ಕೋಣೆಯಲ್ಲಿ, ಹೊಗೆಯಿಲ್ಲದ ಕೆಂಡದಿಂದ ತಲೆ ಭಾರವಾಗಿ ಮೈ ಸೋಲುವುದಕ್ಕೂ ಫರ್ನೇಸಿನ ಅಪಾಯಕ್ಕೂ ಮೂಲ ಒಂದೇ ಅನಿಲ. ಆ ಸ್ಥಿತಿಗೆ, ಅಥವಾ ಆ ಗಾಳಿಗೆ, ಕುಂದಾಪುರದ ಕಡೆಯ ಕನ್ನಡದಲ್ಲಾಗಲಿ ತುಳು, ಕೊಂಕಣಿ, ಬ್ಯಾರಿ ಮಾತುಗಳಲ್ಲಾಗಲಿ ಪ್ರತ್ಯೇಕ ಹೆಸರಿದ್ದರೆ ದಯವಿಟ್ಟು ತಿಳಿಸಿ. ಅಂಥದೊಂದು ಪದ ಸಿಕ್ಕಿದರೆ ‘ಸುಟ್ಟಗಾಳಿ’ಯನ್ನು ಕೈಬಿಟ್ಟು ಅದನ್ನೇ ಬರೆಯುತ್ತೇನೆ.