ಹಿಕ್ಕೆ ಪರೀಕ್ಷೆಯಲ್ಲಿ ಜಂತಿನ ಮೊಟ್ಟೆ ಕಾಣುತ್ತಿಲ್ಲ, ಆದರೂ ಕುರಿಗಳು ಸೊರಗುತ್ತಿವೆ

ಪ್ರಶ್ನೆ (ಹಾನಗಲ್ ತಾಲ್ಲೂಕು)

ನಮಸ್ಕಾರ. ನಮ್ಮಲ್ಲಿ 22 ಕುರಿಗಳಿದ್ದು, ಭತ್ತದ ಕೊಯ್ಲಾದ ಮೇಲೆ ಗದ್ದೆಯ ಕೂಳೆಯಲ್ಲಿಯೂ ಕೆರೆಯ ಅಂಚಿನ ಹಸಿ ಹುಲ್ಲಿನಲ್ಲಿಯೂ ಮೇಯಿಸುತ್ತೇವೆ. ಒಂದು ತಿಂಗಳಿಂದ ಆರು ಕುರಿಗಳು ಸೊರಗಿವೆ. ಅವುಗಳಲ್ಲಿ ಎರಡಕ್ಕೆ, ಸಂಜೆ ದಡ್ಡಿಗೆ ಮರಳುವ ಹೊತ್ತಿಗೆ ದವಡೆಯ ಕೆಳಗೆ ನೀರು ತುಂಬಿದಂತೆ ಬಾವು ಬಂದು ಬೆಳಿಗ್ಗೆ ಇಳಿದಿರುತ್ತದೆ. ಭೇದಿ ಇಲ್ಲ. ಮೂರು ವಾರಗಳ ಹಿಂದೆ ಐವರ್ಮೆಕ್ಟಿನ್ ಎಂಬ ಜಂತಿನ ಔಷಧ ಹಾಕಿಸಿದ್ದೇನೆ. ದಡ್ಡಿಯ ನೆಲದ ಹಿಕ್ಕೆಯನ್ನು ಉಪ್ಪುನೀರಿನಲ್ಲಿ ಕದಡಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಕಪ್ಪು ಅಂಚಿನ ದುಂಡು ಆಕಾರಗಳಷ್ಟೇ ಕಾಣುತ್ತವೆ. ಉಪ್ಪುನೀರಿನಲ್ಲಿ ಕೋಳಿಮೊಟ್ಟೆ ತೇಲುತ್ತದೆ, ಆದ್ದರಿಂದ ಅದು ಸರಿಯಾಗಿದೆ ಎಂದುಕೊಂಡಿದ್ದೇನೆ. ಜಂತು ಇಲ್ಲವೆಂದು ತಿಳಿಯಬಹುದೇ?

ಉತ್ತರ (ಗದಗ)

ಹಾಗೆ ತಿಳಿಯಬೇಡಿರಿ. ಕಪ್ಪು ಅಂಚಿನ ದುಂಡು ಆಕಾರಗಳು ಗಾಳಿಯ ಗುಳ್ಳೆಗಳು. ಕೋಳಿಮೊಟ್ಟೆಯ ಪರೀಕ್ಷೆ ಉಪ್ಪಿನಕಾಯಿಗೆ ಸಾಕಾಗುತ್ತದೆ, ಇಲ್ಲಿ ಸಾಲದು; ಏಕೆಂದರೆ ಜಂತಿನ ಮೊಟ್ಟೆಗಳನ್ನು ತೇಲಿಸಲು ಬೇಕಾಗುವಷ್ಟು ಉಪ್ಪು ಕರಗುವ ಮೊದಲೇ ಕೋಳಿಮೊಟ್ಟೆ ತೇಲಿಬಿಡುತ್ತದೆ. ಬಿಸಿ ನೀರಿಗೆ ಉಪ್ಪು ಹಾಕುತ್ತ ಕಲಕಿರಿ, ಇನ್ನು ಕರಗದೆ ತಳದಲ್ಲಿ ಉಳಿಯತೊಡಗಿದಾಗ ನಿಲ್ಲಿಸಿ, ಆರಿದ ಮೇಲೆ ತಿಳಿಯನ್ನು ಬಳಸಿರಿ.

ನೆಲದ ಹಿಕ್ಕೆಯನ್ನೂ ಬಿಡಿರಿ. ಅದು ಯಾವ ಕುರಿಯದೆಂದು ತಿಳಿಯುವುದಿಲ್ಲ, ಮೇಲಾಗಿ ಬೆಚ್ಚನೆಯ ದಿನಗಳಲ್ಲಿ ಮೊಟ್ಟೆಗಳು ಒಂದೆರಡು ದಿನಗಳಲ್ಲಿಯೇ ಒಡೆದು ಮರಿಹುಳುಗಳಾಗುತ್ತವೆ. ಸೊರಗಿದ ಕುರಿಯ ಗುದದ್ವಾರದಿಂದಲೇ, ಕೈಗವಸು ಹಾಕಿಕೊಂಡು, ಹಿಕ್ಕೆ ತೆಗೆದು ಅಂದೇ ನೋಡಬೇಕು. ತಡವಾಗುವುದಾದರೆ ಫ್ರಿಜ್‌ನಲ್ಲಿ ಇಡಿರಿ.

4 ಗ್ರಾಂ ಹಿಕ್ಕೆಯನ್ನು 56 ಮಿಲಿ ಉಪ್ಪುನೀರಿನಲ್ಲಿ ಕದಡಿ, ಚಹಾ ಜರಡಿಯಲ್ಲಿ ಸೋಸಿ, ಮ್ಯಾಕ್‌ಮಾಸ್ಟರ್ ಸ್ಲೈಡಿನ (ಮೊಟ್ಟೆ ಎಣಿಸಲು ಗೆರೆ ಹಾಕಿದ ಗಾಜಿನ ಪಟ್ಟಿಯ) ಎರಡೂ ಕೋಣೆಗಳಿಗೆ ತುಂಬಿ, ಐದು ನಿಮಿಷ ಬಿಟ್ಟು ನೋಡಿರಿ. ಗೆರೆಗಳೊಳಗೆ ಕಂಡ ಮೊಟ್ಟೆಗಳನ್ನು 50ರಿಂದ ಗುಣಿಸಿದರೆ ಒಂದು ಗ್ರಾಂ ಹಿಕ್ಕೆಯಲ್ಲಿನ ಸಂಖ್ಯೆ ಸಿಗುತ್ತದೆ. ಬಹಳ ಹೊತ್ತು ಬಿಟ್ಟರೆ ಉಪ್ಪು ಹರಳುಗಟ್ಟಿ ಮೊಟ್ಟೆಗಳು ಮುದುಡುತ್ತವೆ.

ಇದರೊಡನೆ ಕೆಳಗಿನ ಕಣ್ಣುರೆಪ್ಪೆಯನ್ನು ಬಿಡಿಸಿ ಒಳಬಣ್ಣ ನೋಡಿ ಬರೆಯಿರಿ. ನನ್ನ ಮೊದಲ ಅನುಮಾನ ನಾಲ್ಕನೆಯ ಹೊಟ್ಟೆಯಲ್ಲಿ ರಕ್ತ ಹೀರುವ ಹಿಮಾಂಕಸ್ ಹುಳುವಿನ ಮೇಲಿದೆ. ಅದರಿಂದ ರಕ್ತಹೀನತೆಯೂ ಬಾವೂ ಬರುತ್ತವೆ, ಭೇದಿ ಸಾಮಾನ್ಯವಾಗಿ ಇರುವುದಿಲ್ಲ.

ಪ್ರಶ್ನೆ ಕೇಳಿದವರು

ತಾವು ಹೇಳಿದಂತೆ ಮಾಡಿದೆನು. ಆರೂ ಕುರಿಗಳ ರೆಪ್ಪೆ ಒಳಗೆ ಬಿಳಿಚಿಕೊಂಡಿದೆ. ಆದರೆ ನಾಲ್ಕರಲ್ಲಿ ಮೊಟ್ಟೆ ಇಲ್ಲವೇ ಇಲ್ಲ, ಎರಡರಲ್ಲಿ ಮೂರು ಮೂರು ಕಂಡವು, ಅಂದರೆ ಗ್ರಾಂಗೆ 150.

ಉತ್ತರ (ಗದಗ)

ಇಷ್ಟು ಕಡಿಮೆ ಸಂಖ್ಯೆಗೆ ರೆಪ್ಪೆ ಇಷ್ಟು ಬಿಳಿಚುವುದು ಹೊಂದುವುದಿಲ್ಲ. ಮೊದಲ ಉತ್ತರದಲ್ಲಿಯೇ ಕೆರೆಯ ಅಂಚಿನ ಹುಲ್ಲಿನ ಬಗ್ಗೆ ಕೇಳಬೇಕಿತ್ತು. ನಮ್ಮ ಕಡೆಯ ಒಣಭೂಮಿಯ ಕುರಿಗಳನ್ನು ನೋಡಿ ರೂಢಿಯಾದ ನನಗೆ ಅದು ಹೊಳೆಯಲಿಲ್ಲ. ನೀರು ನಿಂತ ಕಡೆಯ ಬಸವನಹುಳುಗಳಿಂದ ಹೊರಬಂದು ಹುಲ್ಲಿಗೆ ಅಂಟುವ ಪಿತ್ತಕೋಶದ ಚಪ್ಪಟೆ ಹುಳುವನ್ನು, ಅಂದರೆ ಲಿವರ್ ಫ್ಲೂಕ್ ಅನ್ನು, ಈಗ ಅನುಮಾನಿಸಬೇಕು. ಅದರ ಮೊಟ್ಟೆ ಭಾರವಾದ್ದರಿಂದ ಉಪ್ಪುನೀರಿನಲ್ಲಿ ತೇಲದೆ ತಳಕ್ಕೆ ಇಳಿಯುತ್ತದೆ. ಐವರ್ಮೆಕ್ಟಿನ್ ಅದನ್ನು ಕೊಲ್ಲುವುದೂ ಇಲ್ಲ.

ಬರೀ ನೀರಿನಲ್ಲಿ ಹಿಕ್ಕೆ ಕದಡಿ, ಸೋಸಿ, ಐದು ನಿಮಿಷ ಬಿಟ್ಟು ಮೇಲಿನ ನೀರನ್ನು ಮೆಲ್ಲಗೆ ಚೆಲ್ಲಿ, ತಿಳಿ ಬರುವವರೆಗೆ ಹೀಗೆಯೇ ಮತ್ತೆ ಮತ್ತೆ ಮಾಡಿರಿ. ತಳದ ಮಡ್ಡಿಗೆ ಒಂದು ಹನಿ ಮಿಥಿಲೀನ್ ಬ್ಲೂ ಬೆರೆಸಿದರೆ ಕಸವೆಲ್ಲ ನೀಲಿಯಾಗಿ, ಫ್ಲೂಕಿನ ದೊಡ್ಡ ಮೊಟ್ಟೆ ಹೊಂಬಣ್ಣದಲ್ಲಿಯೇ ಉಳಿಯುತ್ತದೆ. ಬಣ್ಣವಿಲ್ಲದ ಅದೇ ಆಕಾರದ ಮೊಟ್ಟೆ ಕಂಡರೆ ಅದು ಮೊದಲ ಹೊಟ್ಟೆಯ ಚಪ್ಪಟೆ ಹುಳುವಿನದು.

ಪ್ರಶ್ನೆ ಕೇಳಿದವರು

ಐದು ಕುರಿಗಳ ಮಡ್ಡಿಯಲ್ಲಿ ಹೊಂಬಣ್ಣದ ಮೊಟ್ಟೆಗಳು ಕಂಡವು. ಈಗ ಯಾವ ಔಷಧ ಹಾಕಲಿ?

ಉತ್ತರ (ಗದಗ)

ಅದೇ ಹಿಕ್ಕೆಯನ್ನು ಪಶು ಆಸ್ಪತ್ರೆಗೆ ಒಯ್ದು ತೋರಿಸಿ, ಗಬ್ಬದ ಕುರಿಗಳು ಯಾವುವೆಂದು ವೈದ್ಯರಿಗೆ ಮೊದಲೇ ಹೇಳಿರಿ. ಆಲ್ಬೆಂಡಜೋಲ್ ಅನ್ನು ಗಬ್ಬದ ಆರಂಭದಲ್ಲಿ ಕೊಡಬಾರದು. ಆಕ್ಸಿಕ್ಲೋಜನೈಡ್ ಬಲಿತ ಫ್ಲೂಕನ್ನು ಕೊಲ್ಲುತ್ತದೆ, ಎಳೆಯದನ್ನಲ್ಲ; ಆದ್ದರಿಂದ ಮತ್ತೆ ಯಾವಾಗ ಕೊಡಬೇಕೆಂದೂ ಕೇಳಿಕೊಳ್ಳಿರಿ. ಕಣ್ಣಳತೆಯಲ್ಲಿ ಕೊಡದೆ ಪ್ರತಿಯೊಂದನ್ನೂ ತೂಗಿರಿ. ಅಲ್ಲಿಯವರೆಗೆ ಕೆರೆಯ ಅಂಚಿಗೆ ಕುರಿಗಳನ್ನು ಬಿಡಬೇಡಿರಿ.