ದೂರದ ಡ್ರೈವ್‌ನಲ್ಲಿ ಸಿಗರೇಟು ಮುಟ್ಟದೆ ಇರೋದು ಹೇಗೆ?

ಒಂಟಿ ಸ್ಟೇರಿಂಗ್:
ಸಿಗರೇಟು ಬಿಟ್ಟು ಕೆಲವು ವಾರ ಆಯ್ತು. ಆಫೀಸಿನಲ್ಲಿ ತೊಂದರೆ ಇಲ್ಲ. ಮನೆಯಲ್ಲಿ ಊಟ ಆದಮೇಲೆ ಸ್ವಲ್ಪ ಕಾಡುತ್ತೆ, ಪಾತ್ರೆ ತೊಳೆಯೋಕೆ ನಿಂತರೆ ಅದೂ ಹೋಗುತ್ತೆ. ಈಗಿನ ಸಮಸ್ಯೆ ಕಾರು. ಮುಂದಿನ ವಾರ ಕೆಲಸದ ಮೇಲೆ ಎಂಟು-ಒಂಬತ್ತು ಗಂಟೆ ಒಬ್ಬನೇ ಓಡಿಸಬೇಕು. ಇಷ್ಟು ವರ್ಷ ಯಾರ ಕಾಟವೂ ಇಲ್ಲದೆ ಸೇದುತ್ತಿದ್ದ ಜಾಗ ಅದೊಂದೇ. ಗಾಡಿ ಟಾಪ್ ಗೇರಿಗೆ ಬಂತು ಅಂದರೆ ಸಾಕು, ಒಂದು ಕೈ ತಾನಾಗೇ ಗೇರ್ ಪಕ್ಕದ ಗೂಡಿಗೆ ಹೋಗುತ್ತೆ. ಮೊನ್ನೆ ಅಲ್ಲಿದ್ದ ಪಾರ್ಕಿಂಗ್ ಚೀಟಿಯನ್ನೇ ಸುರುಳಿ ಸುತ್ತಿ ಬೆರಳ ಮಧ್ಯೆ ಸಿಕ್ಕಿಸಿಕೊಂಡಿದ್ದೆ. ಗೊತ್ತಾದದ್ದು ಸಿಗ್ನಲ್‌ನಲ್ಲಿ ನಿಂತಾಗ.

ಇನ್ನೊಂದು ಭಯ ನಿದ್ದೆ. ಮೊದಲೆಲ್ಲ ಕಣ್ಣು ಎಳೆದರೆ ಒಂದು ಹಚ್ಚುತ್ತಿದ್ದೆ. "ಮನಸ್ಸು ಗಟ್ಟಿ ಮಾಡ್ಕೊಳ್ಳಿ" ಅನ್ನೋ ಉತ್ತರ ಬೇಡ, ಅದನ್ನು ಹೇಳೋಕೆ ನಮ್ಮ ಭಾವ ಇದ್ದಾರೆ.

ಹಳೇ ಡೀಸೆಲ್:
ನಾನು ಬಾಡಿಗೆ ಗಾಡಿ ಓಡಿಸೋನು, ಬಿಟ್ಟು ವರ್ಷಗಳಾದವು. ಹೊರಡೋ ಮುಂಚೆ ಕಾರಿನ ಒಳಗಡೆ ಕ್ಲೀನ್ ಮಾಡಿ. ಸುಮ್ನೆ ಧೂಳು ಹೊಡೆದರೆ ಸಾಲದು. ಬಿಳಿ ಬಟ್ಟೆ ಒದ್ದೆ ಮಾಡಿ ಮುಂದಿನ ಗಾಜನ್ನು ಒಳಗಿನಿಂದ ಒರೆಸಿ ನೋಡಿ, ಹಳದಿ ಜಿಡ್ಡು ಬರುತ್ತೆ. ಅದೇ ಜಿಡ್ಡು ಸೀಟಿನಲ್ಲಿ, ತಲೆ ಮೇಲಿನ ಬಟ್ಟೆಯಲ್ಲಿ, ಎಲ್ಲ ಕಡೆ ಕೂತಿರುತ್ತೆ. ಬಿಸಿಲಿಗೆ ಕಾರು ಕಾದರೆ ವಾಸನೆ ಏಳುತ್ತೆ, ಅಲ್ಲಿಗೆ ಶುರು ತೆವಲು. ಸೀಟ್ ಬೆಲ್ಟನ್ನು ಪೂರ್ತಿ ಹೊರಗೆಳೆದು ಸೋಪುನೀರಿನಲ್ಲಿ ಒರೆಸಿ, ಒಣಗಿದ ಮೇಲೆ ಒಳಗೆ ಬಿಡಿ. ಮೂಗಿಗೆ ಹತ್ತಿರ ಇರೋದು ಅದೇ, ಯಾರೂ ಒರೆಸಲ್ಲ. ಎಸಿಯ ಕ್ಯಾಬಿನ್ ಫಿಲ್ಟರ್ ಹೊಸದು ಹಾಕಿಸಿ, ಎಷ್ಟೋ ಕಾರುಗಳಲ್ಲಿ ಅದು ಗ್ಲೋವ್ ಬಾಕ್ಸ್ ಹಿಂದೆ ಇರುತ್ತೆ. ಆ ಗೂಡನ್ನು ಖಾಲಿ ಬಿಡಬೇಡಿ. ನೀರಿನ ಬಾಟಲಿ ಇಡಿ, ಕೈ ಹೋದರೆ ಅದೇ ಸಿಗಲಿ.

ಓಡಿಸುವಾಗ ಹೇಗೋ ಕಳೆಯುತ್ತೆ. ಇಂಜಿನ್ ಆಫ್ ಮಾಡಿ ಇಳಿದ ಮೊದಲ ಐದು ನಿಮಿಷ ಇದೆಯಲ್ಲ, ಅದು ಕೆಟ್ಟದ್ದು. ಬಾಗಿಲಿಗೆ ಒರಗಿ ನಿಂತರೆ ಕೈ ಜೇಬು ತಡಕುತ್ತೆ. ಒರಗಲೇಬೇಡಿ. ಕಾರನ್ನು ಒಂದು ಸುತ್ತು ಹಾಕಿ ಟೈರ್ ನೋಡಿ, ಗಾಜು ಒರೆಸಿ, ಮುಖ ತೊಳೆದು ಬನ್ನಿ. ಸೇದಬೇಕು ಅನ್ನೋ ಒತ್ತಡ ಸಾಮಾನ್ಯವಾಗಿ ಕೆಲವೇ ನಿಮಿಷ ಇರುತ್ತೆ, ಆಮೇಲೆ ತಾನೇ ಇಳಿಯುತ್ತೆ. ನಾಲ್ಕು ಜನ ನಿಂತು ಹೊಗೆ ಬಿಡೋ ಜಾಗದ ಪಕ್ಕ ಗಾಡಿ ಹಾಕಬೇಡಿ.

ನಾಲ್ಕನೇ ಗೇರ್:
ಇಷ್ಟೆಲ್ಲ ಯಾಕೆ ಸ್ವಾಮಿ? ದಾರಿಗೆ ಮಾತ್ರ ಒಂದು ವೇಪ್, ಅದೇ ಇ-ಸಿಗರೇಟು, ಇಟ್ಕೊಳ್ಳಿ.

ಮಾತ್ರೆ ಡಬ್ಬಿ:
ಬೇಡ. ನಿಕೋಟಿನ್ ಇರೋ ವೇಪ್ ಆದರೆ ಬಿಟ್ಟ ಚಟ ವಾಪಸ್ ಬಂದು ಕೂರುತ್ತೆ.

ನಾನು ಔಷಧಿ ಅಂಗಡಿಯಲ್ಲಿ ಕೆಲಸ ಮಾಡೋಳು. ಒಂಟಿ ಸ್ಟೇರಿಂಗ್ ಅವರೇ, ನಿಕೋಟಿನ್ ಗಮ್ ಇಲ್ಲದೆಯೇ ಇಷ್ಟು ವಾರ ಕಳೆದಿದ್ದರೆ ಈಗ ಅದನ್ನು ಶುರು ಮಾಡಬೇಡಿ, ಮಾಮೂಲಿ ಶುಗರ್‌ಲೆಸ್ ಗಮ್ ಸಾಕು. ಮೊದಲಿಂದ ಅದರ ಮೇಲೇ ಇದ್ದೀರಿ ಅಂದರೆ ಜಗಿಯೋ ರೀತಿ ನೋಡಿಕೊಳ್ಳಿ. ಜನ ಗಬಗಬ ಜಗಿದು, ಬಿಕ್ಕಳಿಕೆ ಬಂತು ಅಂತ ನಮಗೆ ಬೈತಾರೆ. ನಿಧಾನವಾಗಿ ಜಗಿಯಬೇಕು, ಬಾಯಿ ಚುರುಗುಟ್ಟಿದ ತಕ್ಷಣ ಕೆನ್ನೆಯೊಳಗೆ ಒತ್ತಿಡಬೇಕು. ಚುರುಚುರು ಹೋದಮೇಲೆ ಮತ್ತೆ ಜಗಿಯೋದು. ಒಂದು ಗಮ್ ಸುಮಾರು 30 ನಿಮಿಷ ಬರುತ್ತೆ. ಕಾಫಿ ಕುಡಿದ 15 ನಿಮಿಷ ಅದನ್ನು ಬಾಯಿಗೆ ಹಾಕಬೇಡಿ, ನಿಕೋಟಿನ್ ಸರಿಯಾಗಿ ಮೈಗೆ ಹತ್ತಲ್ಲ. ಸಿಗರೇಟಿನಷ್ಟು ಬೇಗ ಕೆಲಸ ಮಾಡಲ್ಲ, ಹಾಗಾಗಿ ಗಾಡಿ ನಿಲ್ಲಿಸೋ ಸ್ವಲ್ಪ ಮುಂಚೆಯೇ ಹಾಕಿಕೊಳ್ಳಿ.

ಕಾಫಿ ವಿಷಯ ಬಹಳ ಜನರಿಗೆ ಗೊತ್ತಿಲ್ಲ. ಸೇದುವವರ ಲಿವರ್ ಕೆಫೀನನ್ನು ಬೇಗ ಖಾಲಿ ಮಾಡುತ್ತೆ. ಅದು ಹೊಗೆಯಲ್ಲಿರೋ ಟಾರ್‌ನ ಕೆಲಸ, ನಿಕೋಟಿನ್‌ದಲ್ಲ. ಬಿಟ್ಟ ಮೇಲೆ ಅದೇ ಕಾಫಿ ಮೈಯಲ್ಲಿ ಜಾಸ್ತಿ ಹೊತ್ತು ಉಳಿಯುತ್ತೆ. ದಾರಿಯುದ್ದಕ್ಕೂ ಮೊದಲಿನಷ್ಟೇ ಕುಡಿದರೆ ಎದೆ ಡವಡವ, ಕೈ ನಡುಕ, ಸಿಡುಕು. ಅದನ್ನೇ "ಸಿಗರೇಟು ಬೇಕು" ಅಂತ ತಪ್ಪು ತಿಳಿಯೋದು. ಅರ್ಧಕ್ಕೆ ಇಳಿಸಿ.

ಬಿಡೋಕೆ ಅಂತ ವೇರೆನಿಕ್ಲಿನ್ ಮಾತ್ರೆ ತಗೊಳ್ತಾ ಇದ್ದರೆ ಹುಷಾರು. ಕೆಲವರಿಗೆ ಮಂಪರು, ತಲೆಸುತ್ತು ಬರುತ್ತೆ. ನಿಮಗೆ ಹೇಗೆ ಒಗ್ಗುತ್ತೆ ಅಂತ ನೋಡದೆ ಸ್ಟೇರಿಂಗ್ ಹಿಡಿಯಬೇಡಿ.

ಒಂಟಿ ಸ್ಟೇರಿಂಗ್:
ಮಾತ್ರೆ, ಗಮ್ ಯಾವುದೂ ಇಲ್ಲ ಮೇಡಂ. ಕಾಫಿ ಮಾತ್ರ ಲೆಕ್ಕವಿಲ್ಲ, ಈಗ ಅರ್ಥ ಆಯ್ತು ರಾತ್ರಿ ಯಾಕೆ ಹೊರಳಾಡ್ತೀನಿ ಅಂತ. ಫಿಲ್ಟರ್ ತೆಗೆದು ನೋಡಿದೆ ಡೀಸೆಲಣ್ಣ, ಬಿಳಿ ಇರಬೇಕಾದದ್ದು ಬೂದಿ ಬಣ್ಣಕ್ಕೆ ತಿರುಗಿದೆ, ಒಳಗೆ ಒಣಗಿದ ಎಲೆ ಬೇರೆ. ಆದರೆ ತೂಕಡಿಕೆಗೆ ಏನು ಮಾಡಲಿ?

ಹಳೇ ಡೀಸೆಲ್:
ತೂಕಡಿಕೆಗೆ ಮಲಗೋದೇ. ಕಿಟಕಿ ಇಳಿಸೋದು, ಹಾಡು ಜೋರು ಮಾಡೋದು ನಂಬಬೇಡಿ. ಎರಡು ಗಂಟೆಗೊಮ್ಮೆ 15 ನಿಮಿಷ ನಿಲ್ಲಿಸಿ. ಕಣ್ಣು ಎಳೆಯುತ್ತಿದೆ ಅಂದರೆ ಒಂದು ಕಪ್ ಕಾಫಿ ಕುಡಿದು, 20 ನಿಮಿಷಕ್ಕೆ ಅಲಾರಾಂ ಇಟ್ಟು, ತಕ್ಷಣ ಸೀಟು ಹಿಂದಕ್ಕೆ ಹಾಕಿ ಮಲಗಿ. ಕಾಫಿ ಕೆಲಸ ಶುರು ಮಾಡೋಕೂ ಹೆಚ್ಚುಕಡಿಮೆ ಅಷ್ಟೇ ಹೊತ್ತು ಬೇಕು. ನಿಮ್ಮ ಅರ್ಧ ಕಾಫಿಯನ್ನು ಅದಕ್ಕೇ ಉಳಿಸಿಕೊಳ್ಳಿ, ಬೆಳಿಗ್ಗೆಯೇ ಮುಗಿಸಬೇಡಿ. ಎದ್ದ ಮೇಲೆ ಸ್ವಲ್ಪ ಓಡಾಡಿ ಆಮೇಲೆ ಹೊರಡಿ. ನಡುರಾತ್ರಿಯಿಂದ ಬೆಳಗಿನ 6ರವರೆಗೆ ರಸ್ತೆಯಲ್ಲಿ ಇರಬೇಡಿ, ಮಧ್ಯಾಹ್ನ 2ರಿಂದ 4ರ ನಡುವೆ ಒಂದು ದೊಡ್ಡ ನಿಲುಗಡೆ ಇಟ್ಟುಕೊಳ್ಳಿ.